ಆರನೇ ಕ್ಲಾಸಿನ ಗಣಿತಕ್ಕೆ ಫೌಂಡೇಶನ್ ಕೋರ್ಸಾ, ಅಬಾಕಸ್ಸಾ, ಮನೆಪಾಠವಾ? ಅನುಭವ ಇದ್ದವರು ಹೇಳಿ

ಹಾಸನದಿಂದ ಒಬ್ಬ ತಾಯಿ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಐದನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈ ವರ್ಷ ಸಿಬಿಎಸ್‌ಇ ಶಾಲೆಗೆ ಆರನೇ ಕ್ಲಾಸಿಗೆ ಸೇರಿಸಿದ್ದೇವೆ. ಇಪ್ಪತ್ತರವರೆಗೆ ಮಗ್ಗಿ ಬಾಯಿಪಾಠ ಇದೆ, ಆದರೂ ಮೊದಲ ಟೆಸ್ಟಿನಲ್ಲಿ ಗಣಿತಕ್ಕೆ 20ಕ್ಕೆ 7 ಬಂದಿದೆ. ಮುಂದಿನ ಎಂಟ್ರೆನ್ಸ್ ಪರೀಕ್ಷೆಗಳಿಗೆ ಈಗಲೇ ತಯಾರು ಮಾಡುವ ಕೋಚಿಂಗ್ ಇದೆಯಲ್ಲ, ಆ ಫೌಂಡೇಶನ್ ಕೋರ್ಸಿಗೆ ಸೇರಿಸಿ, ಈಗಿನಿಂದಲೇ ಗಟ್ಟಿಯಾಗುತ್ತಾಳೆ ಅಂತ ಮನೆಯವರ ಸ್ನೇಹಿತರು ಹೇಳುತ್ತಾರೆ. ಪಕ್ಕದ ಮನೆಯವರು ಮಣಿ ಸರಿಸಿ ಲೆಕ್ಕ ಕಲಿಸುವ ಅಬಾಕಸ್ ಅಂತಾರೆ. ನಮ್ಮ ಬೀದಿಯಲ್ಲೇ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕೈದು ಮಕ್ಕಳಿಗೆ ಪಾಠ ಹೇಳುತ್ತಾರೆ. ಫೌಂಡೇಶನ್‌ನವರು ಈ ವಾರದೊಳಗೆ ಫೀಸ್ ಕಟ್ಟಿ ಅಂತ ಫೋನ್ ಮಾಡುತ್ತಲೇ ಇದ್ದಾರೆ. ಏನು ಮಾಡಲಿ?

ಬೇಲೂರು ತಾಲ್ಲೂಕಿನ ಪ್ರೌಢಶಾಲಾ ಗಣಿತ ಶಿಕ್ಷಕಿ:

ಮೇಡಂ, ಫೀಸ್ ಕಟ್ಟುವ ಮುಂಚೆ ಆ ಟೆಸ್ಟಿನ ಉತ್ತರಪತ್ರಿಕೆ ತೆಗೆದುಕೊಂಡು ಮಗಳ ಪಕ್ಕ ಕೂತುಕೊಳ್ಳಿ. ಅಂಕ ಬಿಡಿ, ತಪ್ಪಾದ ಲೆಕ್ಕಗಳನ್ನು ನೋಡಿ. ಎಲ್ಲಿ ಎಡವಿದ್ದಾಳೆ ಅಂತ ಗೊತ್ತಾಗದೆ ಯಾವ ಕೋರ್ಸ್ ಸರಿ ಅಂತ ಯಾರೂ ಹೇಳಲಾರರು, ನಾನೂ ಹೇಳಲಾರೆ.

ಹದಿನೆಂಟು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಎಂಟನೇ ಕ್ಲಾಸಿಗೆ ಹೊಸದಾಗಿ ಬಂದ ಮಕ್ಕಳಿಗೆ ಮೊದಲ ದಿನ ಐದು ಲೆಕ್ಕ ಕೊಡುತ್ತೇನೆ. 5003ರಿಂದ 1467 ಕಳೆಯಿರಿ. 612ನ್ನು 6ರಿಂದ ಭಾಗಿಸಿ. 1/2ಕ್ಕೆ 1/3 ಕೂಡಿಸಿ. 0.5 ದೊಡ್ಡದೋ 0.35 ದೊಡ್ಡದೋ ಹೇಳಿ. ಐದನೆಯದು ಮೂರು ಸಾಲಿನ ಒಂದು ವಾಕ್ಯದ ಲೆಕ್ಕ. ಮಗ್ಗಿ ಪಟಪಟ ಹೇಳುವ ಮಕ್ಕಳೂ 612 ಭಾಗಿಸು 6ಕ್ಕೆ 12 ಅಂತ ಬರೆಯುತ್ತಾರೆ, ನಡುವಿನ ಸೊನ್ನೆ ಬಿಟ್ಟುಹೋಗಿರುತ್ತದೆ. ಅದು ಅವಸರದ ತಪ್ಪಲ್ಲ, ಸ್ಥಾನಬೆಲೆ ಗಟ್ಟಿಯಾಗಿಲ್ಲ ಅಂತ ಅರ್ಥ. ‘ಆರು ಜನ ನೂರು ನೂರು ರೂಪಾಯಿ ಹಂಚಿಕೊಂಡರೇ 600 ಆಯ್ತಲ್ಲ, ಮತ್ತೆ ಒಬ್ಬೊಬ್ಬರಿಗೆ ಬರೀ 12 ಹೇಗೆ ಬಂತು?’ ಅಂತ ಕೇಳಿದರೆ ಮುಖದಲ್ಲೇ ಗೊತ್ತಾಗುತ್ತದೆ, ಯಾರಿಗೆ ಹೊಳೆಯಿತು, ಯಾರಿಗೆ ಇಲ್ಲ ಅಂತ. 35 ಅನ್ನುವುದು 5ಕ್ಕಿಂತ ದೊಡ್ಡದು, ಹಾಗಾಗಿ 0.35 ದೊಡ್ಡದು ಅನ್ನುವ ಮಕ್ಕಳು ಪ್ರತಿ ವರ್ಷ ಇರುತ್ತಾರೆ. ಭಿನ್ನರಾಶಿಯಲ್ಲಂತೂ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿ 2/5 ಅಂತ ಬರೆದುಬಿಡುತ್ತಾರೆ. ಆಗ ಒಂದು ಅಕ್ಕಿ ರೊಟ್ಟಿ ಮುರಿದು ತೋರಿಸಿ. ಅರ್ಧ ರೊಟ್ಟಿಗೆ ಇನ್ನೊಂದು ಚೂರು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗುವುದುಂಟೇ? 2/5 ಅಂದರೆ ಅರ್ಧಕ್ಕಿಂತ ಕಡಿಮೆಯೇ.

ಅಬಾಕಸ್‌ನಿಂದ ಕೂಡುವುದು, ಕಳೆಯುವುದು, ಗುಣಿಸುವುದು ಚುರುಕಾಗುತ್ತದೆ, ನಿಜ. ಆದರೆ ಆರನೇ ಕ್ಲಾಸಿನಿಂದ ಮುಂದೆ ಬೇಕಾದದ್ದು ವೇಗಕ್ಕಿಂತ ಹೆಚ್ಚಾಗಿ ಭಿನ್ನರಾಶಿ, ಋಣ ಸಂಖ್ಯೆ, ಅನುಪಾತ ಇವುಗಳ ಅರ್ಥ. ಅದು ಮಣಿ ಸರಿಸಿ ಬರುವಂಥದ್ದಲ್ಲ.

ಇನ್ನು ಫೌಂಡೇಶನ್. ಹೆಸರು ಕೇಳಿದರೆ ಬುನಾದಿ ಹಾಕುತ್ತಾರೆ ಅನ್ನಿಸುತ್ತದೆ. ನಾನು ನೋಡಿದ ಮಟ್ಟಿಗೆ ಹೆಚ್ಚಿನವರು ಒಂದೆರಡು ಕ್ಲಾಸ್ ಮುಂದಿನ ಪಾಠವನ್ನೇ ಮೊದಲು ಮಾಡುತ್ತಾರೆ. ಸಿಬಿಎಸ್‌ಇ ಶಾಲೆಗಳಲ್ಲಿ ಆರನೇ ಕ್ಲಾಸಿಗೆ 2024ರಿಂದ ಎನ್‌ಸಿಇಆರ್‌ಟಿಯ ಹೊಸ ಪುಸ್ತಕ ‘ಗಣಿತ ಪ್ರಕಾಶ್’ ಬಂದಿದೆ. ಹತ್ತು ಅಧ್ಯಾಯ. ಭಿನ್ನರಾಶಿ ಏಳನೆಯದು, ಸೊನ್ನೆಗಿಂತ ಕೆಳಗಿನ ಸಂಖ್ಯೆಗಳು ಕೊನೆಯದು. ಹಳೆಯ ಪುಸ್ತಕದಲ್ಲಿ ಆರನೇ ಕ್ಲಾಸಿಗೇ ಇದ್ದ ಬೀಜಗಣಿತ ಈಗ ಏಳಕ್ಕೆ ಹೋಗಿದೆ. ಪುಸ್ತಕ ಬರೆದವರೇ ಒಂದು ವರ್ಷ ತಡೆದಿರುವಾಗ, ಭಿನ್ನರಾಶಿಯೇ ಗಟ್ಟಿಯಾಗದ ಮಗುವಿಗೆ ಸಮೀಕರಣ ಹಾಕಿಸುವುದಕ್ಕೆ ಏನವಸರ?

ಈಗಲೇ ತಪ್ಪು ಆರಿಸಿದರೆ ಮುಂದೆ ದಾರಿ ಮುಚ್ಚಿಹೋಗುತ್ತದೆ ಅನ್ನುವ ಹೆದರಿಕೆಯೂ ಬೇಡ. ಆರು, ಏಳು, ಎಂಟರಲ್ಲಿ ನಮ್ಮಲ್ಲಿ ಎಲ್ಲ ಮಕ್ಕಳಿಗೂ ಒಂದೇ ಗಣಿತ. ಸಿಬಿಎಸ್‌ಇಯವರು ಗಣಿತಕ್ಕೆ ಬೇಸಿಕ್ (ಸುಲಭದ್ದು), ಸ್ಟ್ಯಾಂಡರ್ಡ್ (ಸ್ವಲ್ಪ ಕಷ್ಟದ್ದು) ಅನ್ನುವ ಆಯ್ಕೆಯನ್ನು 2020ರ ಪರೀಕ್ಷೆಯಿಂದ ತಂದದ್ದೂ ಹತ್ತನೇ ಕ್ಲಾಸಿಗೇ. ನಿಮ್ಮ ಮಗಳಿಗೆ ಇನ್ನೂ ನಾಲ್ಕು ವರ್ಷ ಇದೆ.

ಇನ್ನೊಂದು ಮಾತು. ಅವಳು ತಪ್ಪು ಮಾಡಿದ ವಾಕ್ಯದ ಲೆಕ್ಕವನ್ನು ಕನ್ನಡದಲ್ಲಿ ಓದಿ ಹೇಳಿ. ಆಗ ಸರಿ ಮಾಡಿದರೆ ಗಣಿತದ ತೊಂದರೆ ಅಲ್ಲವೇ ಅಲ್ಲ, ಇಂಗ್ಲಿಷಿನದ್ದು.

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರು:

ಮೇಡಂ ಹೇಳಿದ್ದು ನೂರಕ್ಕೆ ನೂರು ಸತ್ಯ, ನಮ್ಮನೇಲೇ ಆಗಿದ್ದು ಹೇಳ್ತೀನಿ. ಮಗ ಆರನೇ ಕ್ಲಾಸಲ್ಲಿದ್ದಾಗ ಒಂದು ಕೋಚಿಂಗ್ ಸೆಂಟರಿಗೆ ಸೇರಿಸಿದ್ವಿ. ವರ್ಷದ ಫೀಸ್ ಒಂದೇ ಸಲ ಕಟ್ಟಿಸ್ಕೊಂಡ್ರು. ಶನಿವಾರ, ಭಾನುವಾರ ಬಸ್ಸಲ್ಲಿ ಹೋಗಿ ಬರ್ತಿದ್ದ. ಮೂರು ತಿಂಗಳಾದ್ಮೇಲೆ ಒಂದಿನ ನೋಟ್ಸ್ ತೆಗೆದು ನೋಡ್ದೆ. ಪುಟದ ತುಂಬ ಸಮೀಕರಣ, ಅಕ್ಷರ ಮುತ್ತು ಪೋಣಿಸಿದ ಹಾಗೆ. ‘ಎಕ್ಸ್ ಅಂದ್ರೆ ಏನೋ ಮಗ?’ ಅಂದೆ. ‘ಗೊತ್ತಿಲ್ಲಪ್ಪ, ಬೋರ್ಡಲ್ಲಿ ಬರ್ದಿದ್ರು, ಬರ್ಕೊಂಡೆ’ ಅಂದ. ಅಷ್ಟೂ ದಿನ ಅವನು ಒಂದು ಮಾತು ಕೇಳಿರಲಿಲ್ಲ. ಬಿಡಿಸಿದ್ವಿ, ದುಡ್ಡು ವಾಪಸ್ ಕೊಡಲಿಲ್ಲ. ದುಡ್ಡಿಗಿಂತ ನನಗೆ ನೋವಾಗಿದ್ದು ‘ನಂಗೆ ಲೆಕ್ಕ ಬರಲ್ಲ’ ಅಂತ ಅವನು ತೀರ್ಮಾನ ಮಾಡ್ಕೊಂಡಿದ್ದು.

ಅವನನ್ನ ಮತ್ತೆ ಲೆಕ್ಕದ ಹತ್ರ ತಂದಿದ್ದು ನಮ್ಮಪ್ಪ. ತೋಟದ ಮಳೆ ಅಳೆದು ಬರೆಯೋ ಪುಸ್ತಕ ಅವರ ಹತ್ರ ಇರುತ್ತೆ. ಒಂದಿಂಚು ನಲವತ್ತು ಸೆಂಟ್ ಅಂತ ಬರೀತಾರೆ. ನೂರು ಸೆಂಟಿಗೆ ಒಂದಿಂಚು, ಹಾಗಾಗಿ ಅದು 1.40. ಆ ಮಳೆಗಾಲ ಬರೆಯೋ ಕೆಲಸ ಮೊಮ್ಮಗನಿಗೆ ಕೊಟ್ರು. ದಿನಾ ಬೆಳಿಗ್ಗೆ ಅಳತೆ ನೋಡಿ ಬರೆದು, ಹಿಂದಿನದಕ್ಕೆ ಕೂಡಿ ಒಟ್ಟು ಹೇಳ್ಬೇಕು. ದಶಮಾಂಶ ಅಲ್ಲೇ ಬಂತು. ಆಮೇಲೆ ಒಂದಿನ ಪಹಣಿ ಮುಂದಿಟ್ಟು, 2 ಎಕರೆ 15 ಗುಂಟೆ ಅಂದ್ರೆ ಎಷ್ಟು ಎಕರೆ ಅಂದ್ರು. 2.15 ಅಂದ. ‘ಎಕರೆಗೆ ಎಷ್ಟು ಗುಂಟೆ?’ ನಲವತ್ತು. ಸುಮ್ಮನೆ ಕೂತ. ಸ್ವಲ್ಪ ಹೊತ್ತಾದ್ಮೇಲೆ ಪೆನ್ಸಿಲ್ ತಗೊಂಡು 15/40 ಬರೆದ, ಅದನ್ನ 3/8 ಮಾಡಿದ, ಭಾಗಿಸಿ 0.375 ತಂದ. 2.375 ಎಕರೆ. ‘ತಾತ, ಮಳೆಗೆ ನೂರು, ಜಮೀನಿಗೆ ನಲವತ್ತು, ಅದಕ್ಕೇ ಬೇರೆ ಬೇರೆ’ ಅಂತ ಕೂಗ್ದ. ನಾನು ಕಣದಲ್ಲಿದ್ದೆ, ಅಲ್ಲಿಗೆ ಕೇಳಿಸ್ತು.

ಏಳನೇ ಕ್ಲಾಸಲ್ಲಿ ಶೇಕಡಾ ಬಂದಾಗ ಕಾಫಿ ಔಟ್‌ಟರ್ನ್ ಹಿಡ್ಕೊಂಡ್ವಿ, ಅಂದ್ರೆ ಒಣಗಿಸಿದ ಹಣ್ಣಿಂದ (ಚೆರ್ರಿ) ಎಷ್ಟು ಬೇಳೆ ಸಿಗುತ್ತೆ ಅನ್ನೋ ಲೆಕ್ಕ. 50 ಕೆಜಿ ಚೆರ್ರಿ ಚೀಲಕ್ಕೆ 26 ಕೆಜಿ ಬೇಳೆ ಬಂದ್ರೆ ನೂರಕ್ಕೆ 52. ಈಗ ವ್ಯಾಪಾರಿ ಹತ್ರ ಹೋದಾಗ ಅವನೇ ಲೆಕ್ಕ ಹಾಕ್ತಾನೆ.

ಚನ್ನರಾಯಪಟ್ಟಣದಿಂದ:

ಅಕ್ಕ, ನಿಮ್ಮ ಮಗಳ ಹಾಗೇ ನನ್ನ ಮಗನೂ ಕನ್ನಡ ಮಾಧ್ಯಮದಿಂದ ಹೋದವನು. ಅವನಿಗೆ ಲ.ಸಾ.ಅ. ಚೆನ್ನಾಗಿ ಬರ್ತಿತ್ತು, ಎಲ್‌ಸಿಎಂ ಅಂದ್ರೆ ಬೇರೆ ಏನೋ ಅಂದ್ಕೊಂಡಿದ್ದ! ಒಂದು ನೋಟ್‌ಬುಕ್ಕಲ್ಲಿ ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್ ಬರೆಸಿದೆ. ಛೇದ, ಡಿನಾಮಿನೇಟರ್. ಶೇಷ, ರಿಮೈಂಡರ್. ಸುತ್ತಳತೆ, ಪೆರಿಮೀಟರ್. ದಿನಕ್ಕೆ ಮೂರೇ ಪದ. ಇವಕ್ಕಿಂತ ಕಷ್ಟ ಆಗಿದ್ದು ಸಣ್ಣ ಸಣ್ಣ ಮಾತುಗಳು. ‘ಹೌ ಮೆನಿ ಮೋರ್’ ಅಂತ ಇದ್ರೆ ಮೋರ್ ನೋಡಿ ಕೂಡಿಬಿಡ್ತಿದ್ದ, ಅಲ್ಲಿ ಕಳೀಬೇಕು. ಎರಡು ತಿಂಗಳಲ್ಲಿ ದಾರಿಗೆ ಬಂದ, ಟ್ಯೂಷನ್ ಬೇಕಾಗಲೇ ಇಲ್ಲ.

ಚಿಕ್ಕಮಗಳೂರಿನಿಂದ ಇನ್ನೊಬ್ಬರು:

ಫೌಂಡೇಶನ್ ಎಲ್ಲರಿಗೂ ಕೆಟ್ಟದ್ದು ಅಂತ ತಿಳಿಯುವುದು ಬೇಡ. ನನ್ನ ಮಗಳಿಗೆ ಅದು ಒಪ್ಪಿತು. ಉತ್ತರ ಬಂದ ಮೇಲೂ ಇನ್ನೊಂದು ದಾರಿ ಇದೆಯಾ ಅಂತ ಅವಳೇ ಹುಡುಕುತ್ತಾ ಕೂರುತ್ತಿದ್ದಳು, ಶಾಲೆಯ ಲೆಕ್ಕ ಅವಳಿಗೆ ಸಾಲುತ್ತಿರಲಿಲ್ಲ. ಆದರೂ ಸೇರಿಸುವ ಮುಂಚೆ ಎರಡು ದಿನ ಸುಮ್ಮನೆ ಕೂರಿಸಿ ಅಂತ ಕೇಳಿಕೊಂಡೆ. ಮಗು ತಪ್ಪು ಮಾಡಿದಾಗ ಮೇಷ್ಟ್ರು ಏನು ಮಾಡುತ್ತಾರೆ ಅನ್ನುವುದೊಂದನ್ನೇ ಅವಳ ಹತ್ತಿರ ವಿಚಾರಿಸಿದೆ. ‘ಹೇಗೆ ಮಾಡ್ದೆ ಹೇಳು ಅಂತ ಕೇಳ್ತಾರೆ’ ಅಂದಳು, ಅಷ್ಟಕ್ಕೇ ಸೇರಿಸಿದೆ. ನೋಡಲು ಬಿಡದೆ ಮೊದಲು ಫೀಸ್ ಅನ್ನುವವರ ಹತ್ತಿರ ಹೋಗಬೇಡಿ.

ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳ ತಂದೆತಾಯಿ ಇದನ್ನು ಓದುತ್ತಿದ್ದರೆ ಒಂದು ವಿಷಯ: ಎಂಟನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಇದೆ. ಮನೆಯ ವರಮಾನ ವರ್ಷಕ್ಕೆ 3.5 ಲಕ್ಷ ಮೀರಬಾರದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಮಾವಿನಕೆರೆ, ಬಾಳೆಹೊನ್ನೂರು ನವೋದಯ ವಸತಿ ಶಾಲೆಗಳಿಗೆ ಆರಕ್ಕೆ ಸೀಟು ತಪ್ಪಿದವರು ಒಂಬತ್ತಕ್ಕೆ ಖಾಲಿ ಇರುವ ಸೀಟಿಗೆ ಬರೆಯಬಹುದು, ಆ ಪರೀಕ್ಷೆಯ 100 ಅಂಕದಲ್ಲಿ 35 ಗಣಿತಕ್ಕೆ. ಎರಡಕ್ಕೂ ಶಾಲೆಯ ಪುಸ್ತಕ ಗಟ್ಟಿ ಇರಬೇಕು, ಆಮೇಲೆ ಹಳೆಯ ಪ್ರಶ್ನೆಪತ್ರಿಕೆ.

ಹಾಸನದ ತಾಯಿ ಮತ್ತೆ:

ಎಲ್ಲರಿಗೂ ತುಂಬಾ ಉಪಕಾರವಾಯಿತು. ಶಿಕ್ಷಕಿ ಮೇಡಂ ಹೇಳಿದ ಮೊದಲ ನಾಲ್ಕು ಲೆಕ್ಕ ನಿನ್ನೆ ರಾತ್ರಿ ಕೊಟ್ಟೆ. ಕಳೆಯುವುದು ಸರಿ, ದಶಮಾಂಶ ಸರಿ, ಭಿನ್ನರಾಶಿಯೂ ಸರಿ, 5/6 ಅಂತ ಬರೆದಳು. 612ಕ್ಕೆ 12 ಅಂತಲೇ ಬರೆದಿದ್ದಳು. ನೂರು ನೂರು ರೂಪಾಯಿ ಹಂಚುವ ಮಾತು ಹೇಳಿದ ಕೂಡಲೇ ರಬ್ಬರ್ ತೆಗೆದುಕೊಂಡು ಅಳಿಸಿ ಸೊನ್ನೆ ಸೇರಿಸಿದಳು. ಟೆಸ್ಟಿನಲ್ಲಿ ತಪ್ಪಾಗಿದ್ದ ನಾಲ್ಕು ವಾಕ್ಯದ ಲೆಕ್ಕಗಳನ್ನು ಕನ್ನಡದಲ್ಲಿ ಓದಿ ಹೇಳಿದೆ. ಮೂರು ಸರಿ ಮಾಡಿದಳು. ‘ಇದೇನಾ ಅಮ್ಮ ಕೇಳಿದ್ದು?’ ಅಂತ ಕಣ್ಣು ಅಗಲಿಸಿದಳು.

ಫೌಂಡೇಶನ್‌ನವರಿಗೆ ಈ ವರ್ಷ ಬೇಡ ಅಂತ ಬೆಳಿಗ್ಗೆ ಫೋನ್ ಮಾಡಿ ಹೇಳಿಬಿಟ್ಟೆ. ಎರಡು ಕಾಲಂ ನೋಟ್‌ಬುಕ್ ಶುರುವಾಗಿದೆ, ಇವತ್ತಿನ ಮೂರು ಪದ ಅವಳೇ ಆರಿಸಿಕೊಂಡಳು. ಭಾಗಾಕಾರ ಒಂದನ್ನು ನೋಡಿಕೊಡುತ್ತೀರಾ ಅಂತ ಕೇಳಲು ಸಂಜೆ ಬೀದಿಯ ಮೇಷ್ಟ್ರ ಮನೆಗೆ ಅವಳನ್ನೂ ಕರೆದುಕೊಂಡು ಹೋಗುತ್ತೇನೆ.