ಎತ್ತರ ಅಷ್ಟ ಬದಲಾದ್ರ ರೆಕ್ಕಿ ಎಲ್ಲಿಂದ ಬಂದ್ವು?

ಪ್ರಶ್ನೆ – ಡಿಪ್ಲೊಮಾ ವಿದ್ಯಾರ್ಥಿ, ಹುಬ್ಬಳ್ಳಿ
ಸರ್, ನಿನ್ನೆ ರಾತ್ರಿ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿನಾಗ ರೇಡಿಯೋ ಅಲೆ ತೋರ್ಸೂ ಸಣ್ಣ ರಿಸೀವರ್) ಹಚ್ಚಿ ಲ್ಯಾಪ್‌ಟಾಪ್‌ನ್ಯಾಗ ಧಾರವಾಡ ಆಕಾಶವಾಣಿ ನೋಡಿದೆ. 765 ಕಿಲೋಹರ್ಟ್ಜ್‌ಗೆ ನಟ್ಟನಡುವ ಒಂದ ಗೆರಿ, ಎರಡೂ ಬಾಜೂ ರೆಕ್ಕಿ ಬಿಚ್ಚಿದಂಗ ಏನೋ ಕುಣೀತಿತ್ತು. ಅನೌನ್ಸರ್ ಉಸಿರು ತಗೊಂಡ ಕೂಡ್ಲೆ ರೆಕ್ಕಿ ಮಾಯ, ಗೆರಿ ಹಂಗ ಇತ್ತು. ಈ ರೆಕ್ಕಿ ಸೈಡ್‌ಬ್ಯಾಂಡ್, ಅಂದ್ರ ನಡುವಿನ ಗೆರಿ ಅಕ್ಕಪಕ್ಕದ ಫ್ರೀಕ್ವೆನ್ಸಿ, ಅಂತ ಗೊತ್ತೈತ್ರಿ. ಆದ್ರ ಎ.ಎಂ.ನ್ಯಾಗ (ಆಂಪ್ಲಿಟ್ಯೂಡ್ ಮಾಡ್ಯುಲೇಶನ್) ದನಿ ಹೊತ್ತೊಯ್ಯೂ ಅಲೆ, ಅಂದ್ರ ಕ್ಯಾರಿಯರಿನ ಎತ್ತರ ಅಷ್ಟ ಹೆಚ್ಚು ಕಡಿಮಿ ಮಾಡ್ತೀವಿ, ಫ್ರೀಕ್ವೆನ್ಸಿ ಮುಟ್ಟೂದ ಇಲ್ಲ. ಮತ್ತ ಹೊಸಾ ಫ್ರೀಕ್ವೆನ್ಸಿ ಎಲ್ಲಿಂದ ಬಂದ್ವು?

ಉತ್ತರ – ನಿವೃತ್ತ ಟ್ರಾನ್ಸ್‌ಮಿಟರ್ ಎಂಜಿನಿಯರ್, ಧಾರವಾಡ
ತಮ್ಮಾ, ಈ ಪ್ರಶ್ನೆ ಕೇಳಲಾರದ ಪರೀಕ್ಷೆ ಪಾಸಾದವರು ಭಾಳ ಮಂದಿ ಇದ್ದಾರ, ನಾನೂ ಅದರಾಗ ಒಬ್ಬ.

ತಂಬೂರಿ ಶ್ರುತಿ ಮಾಡೂದು ನೋಡಿದ್ದೀ ಏನು? ಜೋಡಿ ತಂತಿ ಇನ್ನೂ ಪೂರ್ತಿ ಕೂಡಿರದಾಗ ದನಿ ವಂವ್ ವಂವ್ ಅಂತ ಏರಿ ಇಳೀತದ. ತಂತಿ ಎರಡು, ಕಿವಿಗೆ ಬೀಳೂದು ಏರಿಳಿಯೂ ಒಂದ ದನಿ. ಇದನ್ನ ತಿರುವಿ ಹಾಕು: ಒಂದು ದನಿಯನ್ನ ನೀನಾಗಿ ಏರಿಸಿ ಇಳಿಸಿದ್ರ, ಅದರೊಳಗ ಒಂದಕ್ಕಿಂತ ಹೆಚ್ಚು ಸ್ವರ ಬಂದು ಕೂತಿರ್ತಾವ. ಒಂದ ಫ್ರೀಕ್ವೆನ್ಸಿ ಅನ್ನಿಸಿಕೊಳ್ಳೂದು ಎತ್ತರ ಎಂದೂ ಬದಲಾಗದ ಅಲೆ ಮಾತ್ರ.

ಲೆಕ್ಕ ಹಾಕೂಣು. ಕ್ಯಾರಿಯರ್ 10 ವೋಲ್ಟ್, ಮೈಕಿನ ಮುಂದ 1 ಕಿಲೋಹರ್ಟ್ಜ್ ಸೀಟಿ, ಮಾಡ್ಯುಲೇಶನ್ ನೂರಕ್ಕ ನೂರು, ಅಂದ್ರ ಎತ್ತರ ಸೊನ್ನಿಯಿಂದ ಎರಡು ಪಟ್ಟಿನ ತನಕ ಏರಿಳೀತದ. ಆಗ 765ರಿಂದ 1 ಕಿಲೋಹರ್ಟ್ಜ್ ಕೆಳಗ 764ಕ್ಕ 5 ವೋಲ್ಟ್, 1 ಮ್ಯಾಲ 766ಕ್ಕ 5 ವೋಲ್ಟ್. ಒಂದು ಗಳಿಗಿ ಮೂರೂ ಒಂದ ಹೆಜ್ಜಿ ಹಾಕ್ತಾವ: 20 ವೋಲ್ಟ್. ಆಮ್ಯಾಲೆ 766 ಮುಂದ ಓಡ್ತದ, 764 ಹಿಂದ ಬೀಳ್ತದ. ಅರ್ಧ ಮಿಲಿಸೆಕೆಂಡಿಗೆ ಎರಡೂ ಕ್ಯಾರಿಯರಿಗೆ ಎದುರು ತಿರುಗಿರ್ತಾವ: 10ರಾಗ 5 ಹೋತು, ಇನ್ನೊಂದು 5 ಹೋತು, ಸೊನ್ನಿ. ಮತ್ತರ್ಧ ಮಿಲಿಸೆಕೆಂಡಿಗೆ ಮತ್ತ 20. ಸೆಕೆಂಡಿಗೆ ಸಾವಿರ ಸಲ ಈ ಏರಿಳಿತ, ಅದ ನಿನ್ನ ಸೀಟಿ.

ಒಂದು ಮುಂದ ಎಳದಷ್ಟ ಇನ್ನೊಂದು ಹಿಂದ ಎಳೀತದ. ಅದಕ್ಕ ಕ್ಯಾರಿಯರ್ ಅತ್ತಿತ್ತ ಹೊಯ್ದಾಡೂದಿಲ್ಲ, ಬರೇ ಎತ್ತರ ಬದಲಾದಂಗ ಕಾಣ್ತದ. ಎರಡು ರೆಕ್ಕಿ ಯಾಕ ಅಂದ್ರ ಇದಕ್ಕ.

ಪ್ರಶ್ನೆ – ಗದಗದಿಂದ ಒಬ್ಬರು
ನಾ ಬ್ರೆಡ್‌ಬೋರ್ಡ್ (ಸರ್ಕ್ಯೂಟ್ ಜೋಡಿಸಿ ನೋಡೂ ಹಲಗಿ) ಮ್ಯಾಲ ಮೈಕ್ ಸಿಗ್ನಲ್ಲು, ಕ್ಯಾರಿಯರ್ ಹುಟ್ಟಸೂ ಆಸಿಲೇಟರು ಎರಡೂ ರೆಸಿಸ್ಟರ್‌ಲೆ ಕೂಡಿಸಿದೆ. ರೆಕ್ಕಿ ಬರ್ಲೇ ಇಲ್ರಿ.

ಉತ್ತರ
ಬರೂದಿಲ್ರಿ. ನೀವು ಕೂಡಿಸೀರಿ, ಗುಣಿಸಿಲ್ಲ. ಕ್ಯಾರಿಯರಿನ ಎತ್ತರ ದನಿ ಪ್ರಕಾರ ಏರಿಸಿ ಇಳಿಸೂದಂದ್ರ ಗುಣಿಸೂದ. ಒಂದು ಡಯೋಡ್ ಇಲ್ಲಾ ಟ್ರಾನ್ಸಿಸ್ಟರ್ ನಡುವ ಹಾಕ್ರಿ, ವೋಲ್ಟೇಜ್ ಏರಿದಷ್ಟ ಪ್ರಮಾಣದಾಗ ಕರೆಂಟು ಏರಲಾರದ ಅದರ ಡೊಂಕು ಸ್ವಭಾವನ ಗುಣಾಕಾರ ಮಾಡ್ತದ.

ಪ್ರಶ್ನೆ – ಮತ್ತ ಹುಬ್ಬಳ್ಳಿ ಹುಡುಗ
ಎರಡೂ ರೆಕ್ಕಿ ಒಂದ ಸುದ್ದಿ ಹೇಳ್ತಾವಂದ್ರ ಒಂದನ್ನ ಕತ್ತರಿಸಿದ್ರ ನಡೀತೈತೇನ್ರಿ?

ಉತ್ತರ
ಹ್ಯಾಮ್‌ನವರು (ಹವ್ಯಾಸಿ ರೇಡಿಯೋ ಮಂದಿ) ಮಾಡೂದ ಅದು. 40 ಮೀಟರ್ ಅಲೆಯುದ್ದದ ಪಟ್ಟಿಯಾಗ ಕೆಳಗಿನ ರೆಕ್ಕಿ, 20 ಮೀಟರಿನ ಪಟ್ಟಿಯಾಗ ಮ್ಯಾಲಿಂದು ಇಟ್ಕೋತಾರ. ಕ್ಯಾರಿಯರನ್ನೂ ತಗದ ಬಿಡ್ತಾರ. 100 ಕಿಲೋವ್ಯಾಟ್ ಕ್ಯಾರಿಯರಿಗೆ ಆ ಸೀಟಿ ಪೂರ್ತಿ ಹಾಕಿದ್ರೂ ಎರಡು ರೆಕ್ಕಿ ಕೂಡಿ 50 ಅಷ್ಟ, ಉಳಿದ 100 ಏನೂ ಮಾತಾಡಲಾರದ ಕರೆಂಟು ತಿಂತದ. ಆದ್ರ ಆ ಕ್ಯಾರಿಯರ್ ಇದ್ದದ್ದಕ್ಕ ನಿಮ್ಮ ಅಜ್ಜನ ರೇಡಿಯೋ ಒಂದ ಡಯೋಡಿನಾಗ ದನಿ ತಗೀತದ.

ಅಜ್ಜನ ರೇಡಿಯೋ ಇದ್ರ 765ರಿಂದ ಮುಳ್ಳು ಒಂದೀಟ ಸರಿಸಿ ಕೇಳು. ದನಿ ತೆಳ್ಳಗಾಗಿ ಸಕಾರ, ಶಕಾರ ಕಿವಿಗೆ ಚುಚ್ಚತಾವ. ರೇಡಿಯೋ ಆಗ ಒಂದ ರೆಕ್ಕಿ ಮ್ಯಾಲ ಕೂತಿರ್ತದ.