11 ಕೆವಿ ಕೇಬಲ್: ಮೆಗ್ಗರ್‌ನಲ್ಲಿ ಫಾಲ್ಟ್ ಇದೆ, ಟಿಡಿಆರ್‌ನಲ್ಲಿ ಕಾಣುತ್ತಿಲ್ಲ

ಫೀಡರ್_ಏಳು:
ಎರಡು ಆರ್‌ಎಂಯು (ರಿಂಗ್ ಮೇನ್ ಯೂನಿಟ್, ಅಂದರೆ ಸ್ವಿಚ್ ಪೆಟ್ಟಿಗೆ) ನಡುವಿನ 3 ಕೋರ್ 400 ಚದರ ಮಿಮೀ ಎಕ್ಸ್‌ಎಲ್‌ಪಿಇ (ಪ್ಲಾಸ್ಟಿಕ್ ಇನ್ಸುಲೇಶನ್) ಅಲ್ಯೂಮಿನಿಯಂ ಕೇಬಲ್. ದಾಖಲೆಯಲ್ಲಿ ಉದ್ದ 1,840 ಮೀಟರ್. ಎರಡೂ ತುದಿ ಬಿಚ್ಚಿ ಮೆಗ್ಗರ್ (ಇನ್ಸುಲೇಶನ್ ರೆಸಿಸ್ಟೆನ್ಸ್ ಅಳೆಯುವ ಉಪಕರಣ) ಹಾಕಿದರೆ ಆರ್ ಫೇಸ್‌ನಿಂದ ಅರ್ತ್‌ಗೆ 2 ಮೆಗಾಓಮ್, ಉಳಿದೆರಡು ಚೆನ್ನಾಗಿವೆ. ಟಿಡಿಆರ್‌ನಲ್ಲಿ (ಪಲ್ಸ್ ಕಳಿಸಿ ಅದು ಮರಳುವ ಸಮಯದಿಂದ ದೂರ ಹೇಳುವ ಉಪಕರಣ) ಮಾತ್ರ ಮೂರೂ ಫೇಸ್ ಒಂದೇ ತರಹ: 1,926 ಮೀಟರ್‌ನಲ್ಲಿ ತುದಿ, ನಡುವೆ ಏನೂ ಇಲ್ಲ. ಅರ್ಧ ವೇಗ (ಪಲ್ಸ್ ಹೋಗಿಬರುವುದರಿಂದ ಅದರ ವೇಗದ ಅರ್ಧ) 86 ಮೀ/ಮೈಕ್ರೋಸೆಕೆಂಡ್ ಇಟ್ಟಿದ್ದೇವೆ. ಉಪಕರಣ ಕೆಟ್ಟಿದೆಯೇ?

ಜಾಯಿಂಟ್_ಕಿಟ್:
ಉಪಕರಣ ಸರಿಯಾಗೇ ಇದೆ. ಈ ಕೇಬಲ್‌ನ ಸರ್ಜ್ ಇಂಪೀಡೆನ್ಸ್ (ಓಡುವ ಪಲ್ಸ್‌ಗೆ ಕೇಬಲ್ ಒಡ್ಡುವ ತಡೆ) ಸುಮಾರು 30 ಓಮ್ ಎಂದುಕೊಳ್ಳಿ. ಫಾಲ್ಟ್ ರೆಸಿಸ್ಟೆನ್ಸ್‌ನ ಎರಡರಷ್ಟಕ್ಕೆ ಈ 30 ಕೂಡಿಸಿ, ಬಂದದ್ದರಿಂದ 30ನ್ನು ಭಾಗಿಸಿದರೆ ಪಲ್ಸ್‌ನಲ್ಲಿ ಎಷ್ಟು ಪಾಲು ವಾಪಸ್ ಬರುತ್ತದೆ ಎಂಬುದು ಸಿಗುತ್ತದೆ. 300 ಓಮ್‌ಗೇ ಶೇ 5ಕ್ಕಿಂತ ಕಡಿಮೆ. 2 ಮೆಗಾಓಮ್‌ಗೆ ಏನೇನೂ ಕಾಣದು.

ಆರ್ಕ್ ರಿಫ್ಲೆಕ್ಷನ್ ಮಾಡಿ. ಮೊದಲು ಬರಿಯ ಟಿಡಿಆರ್ ಟ್ರೇಸ್ ಉಳಿಸಿಕೊಳ್ಳಿ. ಆಮೇಲೆ ಥಂಪರ್‌ನಿಂದ (ಕೆಪಾಸಿಟರ್‌ನಲ್ಲಿ ತುಂಬಿದ ಹೈವೋಲ್ಟೇಜ್ ಚಾರ್ಜನ್ನು ಒಮ್ಮೆಲೇ ಕೇಬಲ್‌ಗೆ ಬಿಡುವ ಯಂತ್ರ) ಸರ್ಜ್ ಬಿಟ್ಟು, ಫಾಲ್ಟ್‌ನಲ್ಲಿ ಆರ್ಕ್ ಉರಿಯುತ್ತಿರುವ ಆ ಕ್ಷಣಕ್ಕೇ ಫಿಲ್ಟರ್ ಮೂಲಕ ಪಲ್ಸ್ ಹೋಗಬೇಕು. ಆಗ ಅಲ್ಲಿ ಕೆಲವೇ ಓಮ್ ಉಳಿದು ಪಲ್ಸ್ ತಲೆಕೆಳಗಾಗಿ ಮರಳುತ್ತದೆ. ಎರಡು ಟ್ರೇಸ್ ಕವಲೊಡೆಯುವ ಜಾಗವೇ ಫಾಲ್ಟ್. ಕರ್ಸರ್ ಇಡಬೇಕಾದ್ದು ಕವಲಿನ ಆರಂಭಕ್ಕೆ, ಟ್ರೇಸ್ ಕುಸಿದ ಗುಂಡಿಯ ತಳಕ್ಕಲ್ಲ.

ಥಂಪರ್ ರೇಂಜ್ ನೋಡಿ ಹಾಕಿ. 8 ಕೆವಿಗೆ 32, 16 ಕೆವಿಗೆ 8 ಮೈಕ್ರೋಫ್ಯಾರಡ್ ಇರುವ ಯಂತ್ರದಲ್ಲಿ ಎರಡೂ ರೇಂಜ್ ಪೂರ್ತಿ ಏರಿಸಿದಾಗ 1,024 ಜೂಲ್. ಆದರೆ 16ರ ರೇಂಜ್‌ನಲ್ಲಿ 8 ಕೆವಿಗೇ ನಿಲ್ಲಿಸಿದರೆ 256 ಜೂಲ್ ಮಾತ್ರ. ಆರ್ಕ್ ಸಾಕಷ್ಟು ಹೊತ್ತು ಉರಿಯುವುದಿಲ್ಲ, ನೆಲದ ಮೇಲೆ ಸದ್ದೂ ಕೇಳಿಸುವುದಿಲ್ಲ. ಫಾಲ್ಟ್ 8 ಕೆವಿ ಒಳಗೇ ಒಡೆಯುತ್ತದಾದರೆ 8ರ ರೇಂಜ್‌ನಲ್ಲೇ ಕೆಲಸ ಮಾಡಿ.

ನೀರು ಹೊಕ್ಕ ಜಾಯಿಂಟ್ ಆದರೆ ಆರ್ಕ್ ತಡವಾಗಿ ಹತ್ತುತ್ತದೆ, ಟ್ರಿಗರ್ ಡಿಲೇ (ಸರ್ಜ್ ಆದ ಮೇಲೆ ಪಲ್ಸ್ ಬಿಡುವವರೆಗಿನ ಸಮಯ) ಹೆಚ್ಚಿಸಿ ನೋಡಿ. ಹಳೆಯ ಪೇಪರ್ ಕೇಬಲ್‌ನಂತೆ ಸುಟ್ಟು ರೆಸಿಸ್ಟೆನ್ಸ್ ಇಳಿಸುವ ಆಸೆ ಬೇಡ. ಎಕ್ಸ್‌ಎಲ್‌ಪಿಇ ಸುಲಭಕ್ಕೆ ಇಂಗಾಲದ ದಾರಿ ಬಿಡುವುದಿಲ್ಲ.

ಫೀಡರ್_ಏಳು:
ಧನ್ಯವಾದ ಸಾರ್. 8 ಕೆವಿಯಲ್ಲೇ ಒಡೆಯಿತು, ಕವಲು 1,221 ಮೀಟರ್‌ನಲ್ಲಿ ಬಂತು. ಅಲ್ಲಿಗೇ ಅಗೆಯಬಹುದೇ?

ಅಲೆಲೆಕ್ಕ:
ಬೇಡ, ನಿಮ್ಮ ವೇಗವೇ ತಪ್ಪಿರುವ ಹಾಗಿದೆ. 1,926ನ್ನು 86ರಿಂದ ಭಾಗಿಸಿದರೆ ತುದಿಗೆ ಹೋಗಿಬರಲು 22.4 ಮೈಕ್ರೋಸೆಕೆಂಡ್. ಕೇಬಲ್ ನಿಜಕ್ಕೂ 1,840 ಮೀಟರ್ ಇದ್ದರೆ ಅರ್ಧ ವೇಗ 82ರ ಆಸುಪಾಸು, ಫಾಲ್ಟ್ ಸುಮಾರು 1,166ರಲ್ಲಿ. 55 ಮೀಟರ್ ವ್ಯತ್ಯಾಸ, ಅಂದರೆ ಪಕ್ಕದ ಮನೆಯ ಗೇಟು ಅಗೆದ ಹಾಗೆ. ದಾಖಲೆಯ ಉದ್ದವನ್ನೇ ನಂಬಲಾಗದಿದ್ದರೆ ಶೇಕಡಾವಾರು ಹಿಡಿಯಿರಿ: ಈ ತುದಿಯಿಂದ ಶೇ 63.4. ಆಚೆ ತುದಿಯಿಂದಲೂ ಅಳೆಯಿರಿ, ಶೇ 36.6 ಬರಬೇಕು. ಬರದಿದ್ದರೆ ಎಲ್ಲೋ ಕರ್ಸರ್ ತಪ್ಪಿದೆ, ಇಲ್ಲವೇ ಟೆಸ್ಟ್ ವ್ಯಾನಿನಿಂದ ಕೇಬಲ್‌ಗೆ ಹಾಕಿದ ಲೀಡ್‌ನ ಉದ್ದ ಕಳೆದಿಲ್ಲ.

ಜಾಯಿಂಟ್_ಕಿಟ್:
ಒಪ್ಪಿದೆ. ಇದು ಕೇಬಲ್‌ನ ಉದ್ದ, ರಸ್ತೆಯದ್ದಲ್ಲ. ಜಾಯಿಂಟ್ ಪಕ್ಕದ ಸುರುಳಿ, ಆಳಕ್ಕಿಳಿದು ಏರಿದ ಭಾಗ ಎಲ್ಲ ಅದರೊಳಗೇ. ರೂಟ್ ಟ್ರೇಸರ್‌ನಿಂದ ದಾರಿ ಗುರುತಿಸಿ, ಥಂಪರ್ ಬಡಿಯುತ್ತಿರುವಾಗ ನೆಲದ ಸದ್ದು ಕೇಳುವ ಗ್ರೌಂಡ್ ಮೈಕ್ ಇಡಿ. ಕಾಂತೀಯ ಸಿಗ್ನಲ್‌ಗೂ ಸದ್ದಿಗೂ ನಡುವಿನ ಸಮಯದ ಅಂತರ ಎಲ್ಲಿ ಅತಿ ಕಡಿಮೆಯೋ ಅಲ್ಲಿ ಗುರುತು ಹಾಕಿ. ಜೋರು ಸದ್ದನ್ನು ಮಾತ್ರ ನಂಬಬೇಡಿ: ಎಚ್‌ಡಿಪಿಇ (ಪ್ಲಾಸ್ಟಿಕ್) ಪೈಪ್‌ನೊಳಗಿನ ಫಾಲ್ಟ್ ಪೈಪಿನ ಬಾಯಲ್ಲೇ ಹೆಚ್ಚು ಕೇಳಿಸುತ್ತದೆ.

ಬಡಿಯುವಾಗ ಆಚೆ ತುದಿಯಲ್ಲಿ ಕಾವಲಿಗೆ ಒಬ್ಬರಿರಲಿ. ಮುಗಿದ ಮೇಲೆ ಡಿಸ್ಚಾರ್ಜ್ ರಾಡ್ ಮುಟ್ಟಿಸಿ ತೆಗೆದರೆ ಸಾಲದು. ಎಕ್ಸ್‌ಎಲ್‌ಪಿಇಯಲ್ಲಿ ಉಳಿದ ಚಾರ್ಜ್ ಮತ್ತೆ ಏರುತ್ತದೆ, ಎರಡೂ ತುದಿಗೆ ಅರ್ತ್ ಹಾಕಿಯೇ ಬಿಡಿ.