‘ಓಮಾ’ ಅಂದ ಮಾತ್ರಕ್ಕೆ

ಅಣ್ಣ: (ಫೋಟೋ) ಬಯಾಪ್ಸಿ ರಿಪೋರ್ಟ್ ಬಂತು. ‘ಎಕ್ರೈನ್ ಸ್ಪೈರಾಡಿನೋಮಾ, ಬಿನೈನ್’ ಅಂತ ಬರೆದಿದ್ದಾರೆ. ತಂಗೀ, ಪೆಥಾಲಜಿಸ್ಟ್ ನೀನೇ ಅಲ್ವಾ, ನೋಡಿ ಹೇಳು.

ದೊಡ್ಡಪ್ಪ: ‘ಓಮಾ’ ಅಂತ ಮುಗಿದರೆ ಕ್ಯಾನ್ಸರ್. ಮೊನ್ನೆ ತಾನೇ ಒಂದು ಫಾರ್ವರ್ಡ್ ಹಾಕಿದ್ದೆ. ಯಾರೂ ಓದಲಿಲ್ಲ.

ಚಿಕ್ಕಪ್ಪ: ಅಣ್ಣಯ್ಯ, ನನ್ನ ಬೆನ್ನ ಮೇಲೆ ಲೈಪೋಮಾ, ಅದೇ ಕೊಬ್ಬಿನ ಗಡ್ಡೆ, ಕೂತು ಹದಿನೈದು ವರ್ಷ ಆಯ್ತು. ಇನ್ನೂ ಗಟ್ಟಿಮುಟ್ಟಾಗಿದ್ದೇನೆ.

ದೊಡ್ಡಪ್ಪ: ಮೆಲನೋಮಾ? ಲಿಂಫೋಮಾ?

ನಾನು: ಅವು ಕ್ಯಾನ್ಸರೇ, ದೊಡ್ಡಪ್ಪ. ಲೈಪೋಮಾ ಅಲ್ಲ. ಅದಕ್ಕೇ ಹೆಸರಿನ ಬಾಲ ಹಿಡಿದು ಏನೂ ಹೇಳೋಕಾಗಲ್ಲ. ಅಣ್ಣನದು ಬೆವರಿನ ಗ್ರಂಥಿಗೆ ಸೇರಿದ ಗಡ್ಡೆ. ಅಪರೂಪದ್ದು, ಆದರೆ ಕ್ಯಾನ್ಸರ್ ಅಲ್ಲ.

ಅತ್ತೆ: ಮುಟ್ಟಿದರೆ ಕಿರುಚುತ್ತಿದ್ದನಲ್ಲ ಅವನು? ಅಂಗಿಯ ತೋಳು ತಾಗಿದರೂ ಆಗ್ತಿರಲಿಲ್ಲ.

ನಾನು: ಈ ಗಡ್ಡೆಯ ಸ್ವಭಾವವೇ ಅದು, ಅತ್ತೆ. ಚರ್ಮದಲ್ಲಿ ನೋಯುವ ಗಂಟು ಅಂದರೆ ನಮ್ಮ ಪಟ್ಟಿಯಲ್ಲಿ ಇದು ಬಂದೇ ಬರುತ್ತೆ.

ದೊಡ್ಡಪ್ಪ: ಮೂರು ಸಲ ಮೂರು ಮಾತು. ಮೊದಲು ಕೈಯಲ್ಲಿ ಒತ್ತಿ ನೋಡಿ ಕೊಬ್ಬಿನ ಗಡ್ಡೆ ಅಂದರು. ಸೂಜಿ ಚುಚ್ಚಿದ ಮೇಲೆ ‘ಚರ್ಮದ ಗ್ರಂಥಿಯ ಗಡ್ಡೆ ಇರಬಹುದು, ತೆಗೆದು ಪರೀಕ್ಷಿಸಿ’ ಅಂದರು. ಈಗ ಇದು. ಬರೀ ಊಹೆ.

ನಾನು: ಊಹೆ ಅಲ್ಲ. ಬೆರಳಿಗೆ ಸಿಗುವುದು ಒಂದು ಉಂಡೆ ಮಾತ್ರ. ಸೂಜಿಯಲ್ಲಿ ಬರುವುದು ಚೆದುರಿದ ಕೋಶಗಳು. ಇಟ್ಟಿಗೆ ರಾಶಿ ನೋಡಿ ಮನೆಗೆ ಎಷ್ಟು ಕೋಣೆ ಅಂತ ಹೇಳೋಕಾಗುತ್ತಾ? ಈ ಗಡ್ಡೆಗಳಲ್ಲಿ ಕೋಶಗಳು ಹೇಗೆ ಕೂತಿವೆ ಅನ್ನುವುದೇ ಮುಖ್ಯ. ಅಣ್ಣ, ಗಡ್ಡೆಯ ತೆಳು ಚೂರು ಅಂಟಿಸಿದ ಗಾಜು ಇರುತ್ತಲ್ಲ, ಆ ಸ್ಲೈಡ್ ನಾಳೆ ತಂದುಕೊಡು. ನಾನೂ ಒಂದು ಸಲ ನೋಡುತ್ತೇನೆ.

(ಮರುದಿನ)

ನಾನು: (ಫೋಟೋ) ಇದೇ ಅಣ್ಣನ ಸ್ಲೈಡ್.

ಅತ್ತೆ: ಮಸಿ ಚೆಲ್ಲಿದ ಹಾಗಿದೆಯಲ್ಲೇ.

ನಾನು: ಮೊದಲು ದೂರದಿಂದ ನೋಡಿ ಅತ್ತೆ. ಗುಲಾಬಿ ಬಣ್ಣದ್ದು ಚರ್ಮದ ಒಳಪದರ. ಅದರಲ್ಲಿ ಮೂರು ಗಾಢ ನೀಲಿ ಉಂಡೆ. ಅಂಚು ದುಂಡಗೆ, ನಯವಾಗಿದೆ. ಅಕ್ಕಪಕ್ಕವನ್ನು ತಳ್ಳಿಕೊಂಡು ಬೆಳೆದಿದೆ, ಬೇರು ಬಿಟ್ಟು ಒಳಗೆ ನುಗ್ಗಿಲ್ಲ. ಅರ್ಧ ಸಮಾಧಾನ ನನಗೆ ಅಲ್ಲೇ ಆಯ್ತು. (ಫೋಟೋ) ಇದು ಹತ್ತಿರದಿಂದ. ಕೋಶಗಳಲ್ಲಿ ಎರಡು ಜಾತಿ. ಹೊರಸುತ್ತಿನಲ್ಲಿ ಚಿಕ್ಕವು, ಕಪ್ಪು ಮಣಿ ಪೋಣಿಸಿದ ಹಾಗೆ. ಒಳಗಡೆ ಸ್ವಲ್ಪ ದೊಡ್ಡವು, ತಿಳಿ ಬಣ್ಣದವು. ಮಧ್ಯೆ ಮಧ್ಯೆ ಚಿಮುಕಿಸಿದ ಹಾಗಿರುವುದು ಲಿಂಫೋಸೈಟು, ಒಂದು ಬಗೆಯ ಬಿಳಿ ರಕ್ತಕಣ. ಎಡಗಡೆ ಸಣ್ಣ ತೂತು ಕಾಣುತ್ತಲ್ಲ, ಅದು ಬೆವರಿನ ನಾಳ ಆಗೋಕೆ ಹೊರಟಿದ್ದು.

ಚಿಕ್ಕಪ್ಪ: ಚೆನ್ನಾಗಿದೆ. ಸೀರೆ ಸೆರಗಿಗೆ ಹಾಕಬಹುದು.

ದೊಡ್ಡಪ್ಪ: ತಮಾಷೆ ಸಾಕು. ರಿಪೋರ್ಟಿನಲ್ಲಿ ಎಕ್ರೈನ್ ಅಂತಿದೆ. ನೆಟ್‌ನಲ್ಲಿ ಅಪೋಕ್ರೈನ್ ಅಂತಿದೆ. ತಪ್ಪು ಯಾರದು?

ನಾನು: ಇದೊಂದು ಒಳ್ಳೇ ಪ್ರಶ್ನೆ ಕೇಳಿದಿರಿ. ಎರಡೂ ಬೆವರಿನ ಗ್ರಂಥಿಯ ಬಗೆಗಳೇ. 1956ರಲ್ಲಿ ಕರ್ಸ್ಟಿಂಗ್ ಮತ್ತು ಹೆಲ್ವಿಗ್ ಅನ್ನುವ ಇಬ್ಬರು ಈ ಗಡ್ಡೆಗೆ ಎಕ್ರೈನ್ ಅಂತ ಹೆಸರಿಟ್ಟು ಬರೆದರು. ಈಗ ಅಪೋಕ್ರೈನ್ ಕಡೆಯದು ಅನ್ನುವವರು ಬೇಕಾದಷ್ಟು ಜನ. ಜಗಳ ಬೇಡ ಅಂತ ನಾನು ಬರೀ ಸ್ಪೈರಾಡಿನೋಮಾ ಅಂತ ಬರೆಯುತ್ತೇನೆ. ಅಣ್ಣನ ಚಿಕಿತ್ಸೆ ಇದರಿಂದ ಬದಲಾಗಲ್ಲ.

ದೊಡ್ಡಪ್ಪ: ಸ್ಲೈಡಿಗೆ ಸ್ಪೆಷಲ್ ಬಣ್ಣ, ಅದೇ ಸ್ಟೇನ್, ಹಾಕಿಸಿಲ್ಲ. ಮುಂದೆ ಕ್ಯಾನ್ಸರ್ ಆದರೆ?

ನಾನು: ಇಷ್ಟು ಸ್ಪಷ್ಟವಾಗಿದ್ದಾಗ ಮಾಮೂಲಿ ಬಣ್ಣವೇ ಸಾಕು. ಸುಮ್ನೆ ಸ್ಟೇನ್ ಮೇಲೆ ಸ್ಟೇನ್ ಹಾಕಿದರೆ ಗೊಂದಲವೇ ಜಾಸ್ತಿ. ಕ್ಯಾನ್ಸರ್ ಆಗುವುದುಂಟು, ತುಂಬಾ ಅಪರೂಪ. ಅದೂ ಎಷ್ಟೋ ವರ್ಷ ಸುಮ್ಮನಿದ್ದ ಗಂಟು ಇದ್ದಕ್ಕಿದ್ದಂತೆ ದೊಡ್ಡದಾದಾಗ. ಆಗ ಆ ಎರಡು ಜಾತಿಯ ಜೋಡಣೆ ಕೆಡುತ್ತೆ, ಕೋಶಗಳು ಒಂದು ಎರಡಾಗಿ ಸಿಕ್ಕಾಪಟ್ಟೆ ಹೆಚ್ಚುತ್ತಿರುತ್ತವೆ, ಸತ್ತ ಜಾಗ ಕಾಣುತ್ತೆ. ಇಲ್ಲಿ ಯಾವುದೂ ಇಲ್ಲ. ಗಡ್ಡೆಯನ್ನು ಪೂರ್ತಿ ತೆಗೆದಾಗಿದೆ.

ಅಣ್ಣ: ಮೂಲೆಯಲ್ಲಿ ಒಂದು ಕಡೆ ಬೇರೆ ತರ ಇದೆಯಲ್ಲ?

ನಾನು: ಕಣ್ಣು ಚುರುಕಾಗಿದೆ ನಿಂದು. ಅಲ್ಲಿ ಚೂರುಗಳು ಒಂದಕ್ಕೊಂದು ಜೋಡಿಸಿದ ಜಿಗ್ಸಾ ಪಜಲ್ ಹಾಗಿವೆ. ಪ್ರತಿ ಚೂರಿಗೂ ದಪ್ಪ ಗುಲಾಬಿ ಅಂಚು. ಅದು ಸಿಲಿಂಡ್ರೋಮಾದ ಚಹರೆ. ಇವೆರಡೂ ದಾಯಾದಿಗಳು, ಒಂದೇ ಗಂಟಿನಲ್ಲಿ ಒಟ್ಟಿಗೆ ಸಿಗುವುದುಂಟು. ತಲೆ ತುಂಬಾ ಇಂಥವು ಎದ್ದರೆ ಮಾತ್ರ ಮನೆತನದ ಕಡೆ ನೋಡಬೇಕು. ಸಿವೈಎಲ್‌ಡಿ ಅಂತ ಒಂದು ಜೀನ್ ಇದೆ. ಅದು ಕೆಟ್ಟಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಒಂಟಿ ಗಂಟಿಗೆ ಸಾಮಾನ್ಯವಾಗಿ ಆ ಚಿಂತೆ ಇಲ್ಲ.

ಅತ್ತೆ: ಒಂದು ವಿಷಯ. ಅಮ್ಮನ ತಲೆ ಬಾಚುವಾಗ ನನ್ನ ಬೆರಳಿಗೆ ಗಂಟುಗಳು ಸಿಗುತ್ತಿದ್ವು. ಗೋಲಿ ತರ. ಬಾಚಣಿಗೆ ತಾಗಿದರೆ ‘ಮೆತ್ತಗೆ’ ಅನ್ನುತ್ತಿದ್ದಳು.

ಚಿಕ್ಕಪ್ಪ: ನಂಗೆ ಗೊತ್ತೇ ಇಲ್ಲ.

ದೊಡ್ಡಪ್ಪ: ಎಂಟು ಇದ್ವು. ಎಣಿಸಿದ್ದೆ.

ನಾನು: ಅಜ್ಜಿಯದು ಇದೇ ಅಂತ ಹೇಳೋಕಾಗಲ್ಲ. ಕೂದಲ ಬುಡದ ಸಿಸ್ಟ್, ಅಂದರೆ ಚೀಲದಂಥ ಗಂಟು, ಕೂಡ ತಲೆಯಲ್ಲಿ ಹೀಗೇ ಇರುತ್ತೆ. ಅದೂ ಕೆಲವು ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುತ್ತೆ, ಜಾಸ್ತಿ ಕಾಣುವುದೂ ಅದೇ. ಅಜ್ಜಿಯ ಸ್ಲೈಡ್ ನಮ್ಮ ಹತ್ತಿರ ಇಲ್ಲವಲ್ಲ. ನಿಮ್ಮಲ್ಲಿ ಯಾರಿಗಾದರೂ ಇದೆಯಾ?

ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ಚಿಕ್ಕಪ್ಪ: ಅಣ್ಣಯ್ಯ, ನಾನು ಓದಿಬಿಟ್ಟೆ.

ದೊಡ್ಡಪ್ಪ: ಕಿವಿಯ ಹಿಂದೆ ಒಂದಿದೆ. ನೋಯಲ್ಲ.

ನಾನು: ಎಷ್ಟು ವರ್ಷದಿಂದ ದೊಡ್ಡಪ್ಪ? ಈ ವಾರ ಚರ್ಮದ ಡಾಕ್ಟರಿಗೆ ತೋರಿಸೋಣ. ಫೋಟೋ ಕಳಿಸಬೇಡಿ, ಫೋಟೋ ನೋಡಿ ನಾನೇನೂ ಹೇಳಲ್ಲ.

ದೊಡ್ಡಪ್ಪ: (ಫೋಟೋ) ಕನ್ನಡಿಯಲ್ಲಿ ತೆಗೆದದ್ದು. ಸರಿಯಾಗಿ ಬಂದಿಲ್ಲ.